ಸ್ವಿಚ್ಚಕ್ಕ ಬರೆಯದೆ ಬಿಟ್ಟ ಸಾಲು

ಆ ಕಣ್ಣಿನ ಆಸ್ಪತ್ರೆಯಲ್ಲಿ ಕಾರಿಡಾರು ಇದ್ದಕ್ಕಿದ್ದಂತೆ ಕತ್ತಲಾದರೆ ಕರೆಂಟ್ ಹೋಯಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಸ್ವಿಚ್ಚಕ್ಕ ಈಗಷ್ಟೇ ಈ ದಾರಿಯಲ್ಲಿ ಹೋಗಿರಬೇಕು ಅಂದುಕೊಂಡು, ಗೋಡೆ ತಡವಿ ಗುಂಡಿ ಹುಡುಕಿ ಮತ್ತೆ ದೀಪ ಹಾಕಿಕೊಳ್ಳುತ್ತಿದ್ದರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಒಮ್ಮೆ ದೊಡ್ಡ ಡಾಕ್ಟರು ಮೇಜಿನ ಕೆಳಗೆ ಬಗ್ಗಿ, ಬಿದ್ದ ಪೆನ್ನು ಹುಡುಕುತ್ತಿದ್ದಾಗ, ಕೋಣೆ ಖಾಲಿಯೆಂದು ಬಗೆದು ದೀಪ ಆರಿಸಿ ಬಾಗಿಲು ಮುಂದಕ್ಕೆಳೆದು ಹೋಗಿಬಿಟ್ಟಿದ್ದಳು. "ತಾಯಿ, ನಾನಿನ್ನೂ ಇದ್ದೀನಿ" ಎಂದು ಡಾಕ್ಟರು ಕತ್ತಲೊಳಗಿಂದ ಕೂಗಿದ್ದನ್ನು ಅಲ್ಲಿಯ ಆಯಾಗಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಅವಳ ಈ ಗುಣವನ್ನು ಮೆಚ್ಚಿದವನು ಇಡೀ ಆಸ್ಪತ್ರೆಯಲ್ಲಿ ಒಬ್ಬನೇ. ಅವನು ಆಡಳಿತಾಧಿಕಾರಿ. "ಬಳಸದಿದ್ದರೆ ಆರಿಸಿ" ಎಂಬ ಚೀಟಿಯನ್ನು ಅಚ್ಚು ಹಾಕಿಸಿ, ಕೆಳಗೆ ತನ್ನ ಸಹಿ ಮಾಡಿ, ಎಲ್ಲ ಬಾಗಿಲುಗಳಿಗೂ ಅಂಟಿಸಿದ್ದ. ಬಚ್ಚಲಿನ ಬಾಗಿಲನ್ನೂ ಬಿಟ್ಟಿರಲಿಲ್ಲ. ಆದರೆ ಚೀಟಿಯನ್ನು ಓದಿ ನಡೆದುಕೊಂಡವಳು ಸ್ವಿಚ್ಚಕ್ಕ ಮಾತ್ರ. ಅವಳು ಓದದೆಯೂ ಹಾಗೆಯೇ ನಡೆದುಕೊಳ್ಳುತ್ತಿದ್ದಳು, ಆ ಮಾತು ಬೇರೆ.

ಅವಳು ಆ ಆಸ್ಪತ್ರೆಗೆ ಬಂದದ್ದು ಲಿಫ್ಟ್ ನಡೆಸಲು. ಕಬ್ಬಿಣದ ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಒಳಗೊಂದು ಮೂರು ಕಾಲಿನ ಸ್ಟೂಲು, ಒಂದು ಹಿಡಿಕೆ, ಒಂದು ಕೀಲಿ. ಹತ್ತೊಂಬತ್ತು ವರ್ಷ ಆ ಸ್ಟೂಲಿನ ಮೇಲೆ ಕುಳಿತು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಕೈ ಹಿಡಿದು ಒಳಗೆ ಕರೆದು, ನೆಲಮಹಡಿಯಿಂದ ಮೂರನೆಯ ಮಹಡಿಗೆ ಹನ್ನೊಂದು ಎಣಿಸುವಷ್ಟರಲ್ಲಿ ತಲುಪಿಸುತ್ತಿದ್ದಳು. ಆಮೇಲೆ ಗುಂಡಿ ಒತ್ತಿದರೆ ತಾನೇ ಬರುವ ಹೊಸ ಲಿಫ್ಟು ಬಂತು. ಅವಳನ್ನು ನೆಲಮಾಳಿಗೆಯ ಕಂಪ್ಯೂಟರ್ ಕೋಣೆಗೆ ಕಳಿಸಿದರು, ಧೂಳು ಹೊಡೆಯಲು, ಫೋನ್ ಎತ್ತಲು.

ಆ ಕೋಣೆಯಲ್ಲಿ ಒಬ್ಬ ಹಿರಿಯ ಎಂಜಿನಿಯರ್ ಇದ್ದ. ಪಾಠ ಹೇಳುವ ಚಟಕ್ಕೆ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಕೇಳುವವರು ಸಿಗದೆ ಎಷ್ಟೋ ವರ್ಷದಿಂದ ಬಾಯಿ ಕಟ್ಟಿಕೊಂಡಿದ್ದವನು ಇವಳು ಬಂದದ್ದೇ ತಡ ಶುರು ಮಾಡಿದ.

"ಈ ಪೆಟ್ಟಿಗೆ ಇದೆಯಲ್ಲ, ಸರ್ವರ್, ಇದು ಒಂದೇ. ಆದ್ರೆ ಇದರೊಳಗೆ ಹನ್ನೊಂದು ಮೆಷಿನ್ ಇವೆ. ನೋಂದಣಿಗೊಂದು, ಔಷಧಿ ಅಂಗಡಿಗೊಂದು, ಕಣ್ಣಿನ ಸ್ಕ್ಯಾನಿಗೊಂದು, ಹೀಗೆ. ನಿಜವಾದ ಮೆಷಿನ್ ಅಲ್ಲಮ್ಮ. ತಾವು ಮೆಷಿನ್ ಅಂತ ನಂಬಿಕೊಂಡಿರೋವು. ವರ್ಚುವಲ್ ಮೆಷಿನ್ ಅಂತಾರೆ."

ಸ್ವಿಚ್ಚಕ್ಕ ಧೂಳು ಒರೆಸುವ ಬಟ್ಟೆ ಹಿಡಿದೇ ಯೋಚಿಸಿದಳು. "ಅಂದ್ರೆ ನಮ್ಮ ಲಿಫ್ಟ್ ತರ. ಇರೋದು ಒಂದೇ ಲಿಫ್ಟು. ನಾಲ್ಕು ಮಹಡಿಯವರೂ ಗುಂಡಿ ಒತ್ತಿ, ಅದು ತಮಗೇ ಅಂತ ಇರೋದು ಅಂದ್ಕೊಂಡು ನಿಂತಿರ್ತಾರೆ."

ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ಸರಿ, ಹಾಗಾದ್ರೆ ಇಲ್ಲಿ ಲಿಫ್ಟ್ ನಡೆಸೋರು ಯಾರು ಸಾರ್?"

"ಅದಕ್ಕೂ ಒಂದು ಸಾಫ್ಟ್‌ವೇರ್ ಇದೆ. ಯಾರು ಮೊದಲು, ಯಾರಿಗೆ ಎಷ್ಟು ಹೊತ್ತು ಅಂತ ಅದೇ ನೋಡಿಕೊಳ್ಳುತ್ತೆ," ಎಂದ ಮೇಷ್ಟ್ರು ಧೂಳು ಬಟ್ಟೆಯನ್ನು ಅವಳ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟು, ಪಕ್ಕಕ್ಕೆ ಕುರ್ಚಿ ಎಳೆದ. ಅಂದಿನಿಂದ ಆ ಕೋಣೆಯ ಧೂಳನ್ನು ಇಬ್ಬರೂ ಸರದಿಯ ಮೇಲೆ ಹೊಡೆಯುತ್ತಿದ್ದರು.

ಐದು ವರ್ಷದಲ್ಲಿ ಅವಳು ಎಲ್ಲ ಕಲಿತಳು. ಪರೀಕ್ಷೆಯಲ್ಲಿ ಒಂದು ಸಲ ಡುಮ್ಕಿ ಹೊಡೆದು, ಇನ್ನೊಂದು ಸಲ ಪಾಸಾಗಿ ಸರ್ಟಿಫಿಕೇಟನ್ನೂ ತಂದಳು. ಮೇಷ್ಟ್ರು ನಿವೃತ್ತನಾಗುವ ದಿನ ಕೀಲಿಗೊಂಚಲಿನ ಜೊತೆ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು ಹೇಳಿದ್ದು ಇಷ್ಟೇ: "ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನ ಬರಿ. ಬರೆದು ಒಂದು ಲೋಟ ಟೀ ಕುಡಿ. ಆಮೇಲೆ ನೋಡು ಏನಾಗಿದೆ ಅಂತ." ಅಂದಿನಿಂದ ಆ ಕೋಣೆ ಅವಳದು. ತಣ್ಣಗೆ ಗುಂಯ್‌ಗುಡುವ, ಹಸಿರು ದೀಪಗಳ, ಒಂದೇ ಕಿಟಕಿಯ ಆ ಕೋಣೆಯಲ್ಲಿ ಅವಳಿಗಿದ್ದ ಸಂಕಟ ಒಂದೇ: ಅಲ್ಲಿಯ ಎಸಿಯನ್ನು ಯಾವತ್ತೂ ಆರಿಸುವಂತಿರಲಿಲ್ಲ.

ಹೀಗಿರುವಾಗ ಆ ವರ್ಷ, ಲಿಫ್ಟ್ ನಡೆಸುವವನ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ಹಳತಾಯಿತು, ಹೊಸ ಆವೃತ್ತಿ ಹಾಕಲೇಬೇಕು ಎಂಬ ಕಾಗದ ಬಂತು. ಅದರ ಹಿಂದೆಯೇ ಒಂದು ಹೊರಗಿನ ಕಂಪನಿಯವನೂ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು. ಹೊಸದನ್ನು ಹಾಕಿಕೊಡುತ್ತೇವೆ, ಆಮೇಲೆ ಕೋಣೆಯನ್ನೂ ನಾವೇ ನೋಡಿಕೊಳ್ಳುತ್ತೇವೆ, ನಿಮಗೆ ಯಾವ ತಲೆನೋವೂ ಇರುವುದಿಲ್ಲ ಎಂದ. ಆಡಳಿತಾಧಿಕಾರಿಗೆ ತಲೆನೋವು ಇಲ್ಲದಿರುವ ವಿಚಾರ ಬಹಳ ಹಿಡಿಸಿತು.

"ನಾನೇ ಹಾಕ್ತೀನಿ ಸಾರ್," ಎಂದಳು ಸ್ವಿಚ್ಚಕ್ಕ.

ಆಡಳಿತಾಧಿಕಾರಿ ಗಂಟಲು ಸರಿಮಾಡಿಕೊಂಡ. "ಹಾಕಿ. ಬೇಡ ಅನ್ನಲ್ಲ. ಆದ್ರೆ ಏನಾದ್ರೂ ತೊಂದರೆ ಆದ್ರೆ ಗುರುವಾರ ಸಂಜೆವರೆಗೆ ನೋಡ್ತೀನಿ. ಶುಕ್ರವಾರ ಕಂಪನಿಯವರ ಕಾಗದಕ್ಕೆ ಸಹಿ ಹಾಕಿ ಕೋಣೆ ಅವರಿಗೆ ಬಿಡ್ತೀನಿ. ನಿಮಗೆ ಕಡತಗಳ ಕೋಣೆ ಇದ್ದೇ ಇದೆ."

ಕಡತಗಳ ಕೋಣೆಯೆಂದರೆ ಹಿಂದಿನ ಓಣಿಗೆ ಬೆನ್ನು ಮಾಡಿಕೊಂಡ, ಹಳೆಯ ಕಾಗದದ ವಾಸನೆಯ ಗೂಡು. ಸ್ವಿಚ್ಚಕ್ಕ ತಲೆಯಾಡಿಸಿ ಕೆಳಗಿಳಿದಳು.

ಆಸ್ಪತ್ರೆಗೆ ರಜೆಯಿದ್ದ ಭಾನುವಾರ ಬೆಳಗ್ಗೆ ಒಬ್ಬಳೇ ಬಂದು ಕೆಲಸ ಶುರು ಮಾಡಿದಳು. ಮೊದಲು ಹನ್ನೊಂದು ಮೆಷಿನ್‌ಗಳಿಗೂ ಇದ್ದದ್ದು ಇದ್ದ ಹಾಗೆ ಸರ್ವರಿನೊಳಗೇ ಒಂದೊಂದು ನಕಲು, ಅವಳ ಮಾತಿನಲ್ಲಿ ಫೋಟೊ, ತೆಗೆದಿಟ್ಟಳು, ಎಡವಟ್ಟಾದರೆ ಹಿಂದಕ್ಕೆ ಹೋಗಲು. ಆಮೇಲೆ ಹೊಸ ಸಾಫ್ಟ್‌ವೇರ್. ಅದು ಹೊಸ ಅಳಿಯನಂತೆ ನೂರೆಂಟು ಕೇಳಿತು. ಎಲ್ಲಕ್ಕೂ ಉತ್ತರ ಕೊಟ್ಟು, ಕೊಟ್ಟದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದಳು. ನಲವತ್ಮೂರು ಸಾಲಾಯಿತು. ಮಧ್ಯಾಹ್ನ ಎರಡಕ್ಕೆ ಹನ್ನೊಂದೂ ಎದ್ದು ಕುಳಿತವು. ಹೋಗುವಾಗ ಮೂರು ಮಹಡಿ ಹತ್ತಿ ಇಳಿದು, ಯಾರೋ ಶನಿವಾರ ಬಿಟ್ಟು ಹೋಗಿದ್ದ ಏಳು ದೀಪ ಆರಿಸಿ ಮನೆಗೆ ಹೋದಳು.

ಸೋಮವಾರ ಮಧ್ಯಾಹ್ನ ಎರಡರ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಮೊದಲಿಗೆ ನೋಂದಣಿ ಕೌಂಟರಿನವಳು. ದಿನವಿಡೀ ಚೀಟಿ ಕೊಡುವುದೇ ಕೆಲಸವಾದ್ದರಿಂದ ಅವಳಿಗೆ ಚೀಟಿ ಎಂದೇ ಹೆಸರು.

"ಅಕ್ಕ, ನಿಮ್ಮ ಮೆಷಿನ್‌ಗೆ ಹುಷಾರಿಲ್ವಾ? ಹೆಸರು, ವಯಸ್ಸು ಹಾಕಿ ಒತ್ತಿದ್ರೆ, ಚೀಟಿ ಬರೋಷ್ಟರಲ್ಲಿ ಅವರಿಗೆ ಇನ್ನೊಂದು ವಯಸ್ಸಾಗುತ್ತೆ."

ಆಮೇಲೆ ಔಷಧಿ ಅಂಗಡಿಯವನು. "ಬಿಲ್ ಬರೋದಕ್ಕೆ ಕಾಯ್ತಾ ಕಾಯ್ತಾ ಇಲ್ಲೊಬ್ರು ಅಂಗಡಿಯಲ್ಲೇ ಹನಿ ಹಾಕಿಸಿಕೊಂಡ್ರು ಅಕ್ಕ. ಸಂಜೆವರೆಗೂ ಹೀಗೇ ಆದ್ರೆ ಅವರಿಗೆ ವಾಸಿನೂ ಆಗುತ್ತೆ."

ಸ್ವಿಚ್ಚಕ್ಕ ನಕ್ಕಳೇನೋ ನಿಜ, ಆದರೆ ಕಡತಗಳ ಕೋಣೆಯ ವಾಸನೆ ಆಗಲೇ ಮೂಗಿಗೆ ಬಡಿಯಿತು.

ನೋಟ್‌ಬುಕ್ ತೆರೆದಳು. ಮೇಷ್ಟ್ರು ಹೇಳಿದಂತೆಯೇ ನಡೆದಳು. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದಳು, ಇತ್ತು. ಮೆಮೊರಿ ಸಾಕೇ ನೋಡಿದಳು, ಮಿಕ್ಕಿತ್ತು. ಟೀ ಕುಡಿದಳು. ಭಾನುವಾರ ತೆಗೆದಿಟ್ಟ ಫೋಟೊಗಳೇ ಭಾರವಾಗಿರಬಹುದು ಎಂದು ಮಂಗಳವಾರ ಒಂದೊಂದಾಗಿ ಅಳಿಸಿದಳು. ಟೀ ಕುಡಿದಳು. ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬುಧವಾರ ಬೆಳಗ್ಗೆ ಪ್ರತಿ ಮೆಷಿನ್ ಒಳಗೂ ಇರುವ, ಹೊಸ ಸಾಫ್ಟ್‌ವೇರಿನ ಮಾತು ಅರ್ಥ ಮಾಡಿಕೊಳ್ಳುವ ಪುಟ್ಟ ಡ್ರೈವರ್‌ಗಳನ್ನು ಹೊಸದು ಮಾಡಿದಳು. ಟೀ ಕುಡಿದಳು. ಇಷ್ಟರಲ್ಲಿ ಕ್ಯಾಂಟೀನಿನವನು, "ಅಕ್ಕ, ಸರ್ವರ್ ಸರಿಹೋಗ್ಲಿ ಬಿಡ್ಲಿ, ನಿಮ್ಮ ಟೀ ಲೆಕ್ಕದಿಂದ ನಾನಂತೂ ಸುಧಾರಿಸ್ತಿದ್ದೀನಿ," ಎನ್ನತೊಡಗಿದ್ದ.

ಸರ್ವರಿನ ಪರದೆಯನ್ನು ನೋಡಿದರೆ ಎಲ್ಲವೂ ಶಾಂತ. ಯಾರೂ ದಣಿದಿಲ್ಲ, ಯಾರೂ ಯಾರಿಗೂ ಕಾಯುತ್ತಿಲ್ಲ. ಮೇಲೆ ಕೌಂಟರಿನಲ್ಲಿ ಮಾತ್ರ ಬೈಗುಳ. ಕೆಳಗೆ ಕುಳಿತು ಮೇಲಿನದನ್ನು ತಿಳಿಯಲಾಗದು ಎನ್ನಿಸಿ ಬುಧವಾರ ಅವಳು ತನ್ನ ಹಳೆಯ ಮೂರು ಕಾಲಿನ ಸ್ಟೂಲನ್ನು ಎತ್ತಿಕೊಂಡು ಚೀಟಿಯ ಪಕ್ಕದಲ್ಲಿ ಹೋಗಿ ಕುಳಿತಳು. ಚೀಟಿ ಗುಂಡಿ ಒತ್ತಿದಾಗಲೆಲ್ಲ ಇವಳು ಬಾಯಲ್ಲಿ ಎಣಿಸಿದಳು, ಹಿಂದೆ ಲಿಫ್ಟಿನಲ್ಲಿ ಎಣಿಸುತ್ತಿದ್ದ ಹಾಗೆಯೇ.

ಹನ್ನೆರಡು ಗಂಟೆಗೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಮಕ್ಕಳ ಅಳು, ಕುರ್ಚಿಗಳ ಕಿರಗುಟ್ಟುವಿಕೆ. ಆಗ ಐದು ಎಣಿಸುವುದರೊಳಗೆ ಚೀಟಿ ಬರುತ್ತಿತ್ತು. ಎರಡೂವರೆಗೆ ಬೆಂಚುಗಳು ಖಾಲಿಯಾದವು. ಒಬ್ಬ ಮುದುಕ ಮಾತ್ರ ಟೋಪಿ ತೊಡೆಯ ಮೇಲಿಟ್ಟು ಕುಳಿತಿದ್ದ. ಅವನ ಹೆಸರು ಹಾಕಿ ಒತ್ತಿದರೆ ಹದಿನಾರು ಎಣಿಸಿದ ಮೇಲೆ ಚೀಟಿ ಬಂತು.

"ಇದೇನು, ಜನ ಕಡಿಮೆ ಆದ ಹಾಗೆ ಇದು ನಿಧಾನ ಆಗುತ್ತಲ್ಲೇ?" ಎಂದಳು ಸ್ವಿಚ್ಚಕ್ಕ.

"ನಮ್ಮ ಮೈದುನನ ಬುದ್ಧಿ ಅಕ್ಕ. ನಾಲ್ಕು ಜನ ನೋಡ್ತಿದ್ರೆ ಮೈಮುರಿದು ದುಡೀತಾನೆ. ಯಾರೂ ಇಲ್ಲ ಅಂದ್ರೆ ಒಂದು ಕಡ್ಡಿ ಎತ್ತಿ ಇಡಲ್ಲ."

ಸ್ವಿಚ್ಚಕ್ಕ ಎರಡೂ ಎಣಿಕೆಗಳನ್ನು ಬರೆದುಕೊಂಡಳು. ಹೊಸ ಸಾಲು ಸೇರಿತು, ದಾರಿ ಮಾತ್ರ ಕಾಣಲಿಲ್ಲ. ಅಷ್ಟರಲ್ಲಿ ಆಡಳಿತಾಧಿಕಾರಿ ಅತ್ತಲಿಂದ ಹಾದು ಹೋಗುತ್ತಾ, "ನಾಳೆ ಗುರುವಾರ," ಎಂದ. ಅಷ್ಟೇ ಅಂದ. ಅವಳಿಗೆ ಅಷ್ಟು ಸಾಕಾಯಿತು.

ಸಂಜೆ ಮನೆಗೆ ಬಂದರೆ ಗಂಡ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. ಅವನು ದರ್ಜಿ. ಒಳಬಂದವಳು ಚೀಲ ಇಡುವ ಮೊದಲೇ ಅವನ ತಲೆಯ ಮೇಲಿನ ದೀಪ ಆರಿಸಿದಳು.

"ಲೇ, ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲೀತಿದ್ದೀನಿ ಕಣೆ."

"ಕಿಟಕಿಯಲ್ಲಿ ಇನ್ನೂ ಬೆಳಕಿದೆಯಲ್ರೀ."

"ಕಿಟಕಿಯಲ್ಲಿದೆ. ಸೂಜಿಯಲ್ಲಿಲ್ಲ," ಎಂದು ಅವನು ಎದ್ದು ಮತ್ತೆ ದೀಪ ಹಾಕಿಕೊಂಡ. ಇದು ಆ ಮನೆಯಲ್ಲಿ ದಿನಾ ನಡೆಯುವುದೇ. ಆದರೆ ಅವಳು ಎರಡನೆಯ ಸಲ ಆರಿಸಲಿಲ್ಲ. ಅದನ್ನು ಕಂಡು ಅವನಿಗೆ ಗಾಬರಿಯಾಯಿತು. "ಏನಾಯ್ತು?"

ಊಟಕ್ಕೆ ಕುಳಿತಾಗ ಎಲ್ಲ ಹೇಳಿದಳು. ಐದು, ಹದಿನಾರು, ನಾಳೆ ಗುರುವಾರ, ನಾಡಿದ್ದು ಕಡತಗಳ ಕೋಣೆ. ಅವನು ತಟ್ಟೆಯಿಂದ ತಲೆಯೆತ್ತದೆ ಕೇಳುತ್ತಿದ್ದವನು, ಕೊನೆಗೆ ಮುಗುಳ್ನಕ್ಕ.

"ನಗೋ ವಿಷಯನಾ ಇದು?"

"ನಿನ್ನ ಹಳೇ ಲಿಫ್ಟ್ ನೆನಪಾಯ್ತು. ನಾನು ಯಾವಾಗ್ಲೂ ಮಧ್ಯಾಹ್ನವೇ ಬರ್ತಿದ್ದೆ, ಯಾಕೆ ಹೇಳು?"

"ಕಣ್ಣು ತೋರಿಸೋಕೆ. ಸೂಜಿ ಕಾಣ್ತಿರಲಿಲ್ಲ ನಿಮಗೆ."

"ಕಣ್ಣು ಒಂದೇ ದಿನಕ್ಕೆ ತೋರಿಸಿ ಆಗಿತ್ತು. ಆಮೇಲೆ ಎಂಟು ಸಲ ಬಂದೆನಲ್ಲ, ಅದಕ್ಕೇನಂತೀಯ? ಮಧ್ಯಾಹ್ನ ಜನ ಇಲ್ಲ ಅಂತ ನೀನು ಒಂದು ಕೀಲಿ ತಿರುಗಿಸಿ ಇಟ್ಟಿರ್ತಿದ್ದೆ. ಕರೆಂಟ್ ಉಳಿತಾಯ ಅಂತ. ನಾನು ಒಳಗೆ ಬಂದು ನಿಂತ್ರೆ, ಅದು ನಿದ್ದೆಯಿಂದ ಎದ್ದು, ಆಕಳಿಸಿ, ಮೈ ಮುರಿದು ಹೊರಡೋಷ್ಟರಲ್ಲಿ ನಿನ್ನ ಹತ್ರ ನಾಲ್ಕು ಮಾತಾಡೋಕೆ ಆಗ್ತಿತ್ತು. ಬೆಳಗ್ಗೆ ಬಂದ್ರೆ ಸರ್ರನೆ ಮೇಲಿರ್ತಿದ್ದೆ. ಏನು ಪ್ರಯೋಜನ?"

ಸ್ವಿಚ್ಚಕ್ಕನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. "ಏನಂದ್ರಿ?"

"ನಾಲ್ಕು ಮಾತಾಡೋಕೆ ಆಗ್ತಿತ್ತು ಅಂದೆ."

"ಅದಕ್ಕಿಂತ ಮುಂಚೆ."

"ಆಕಳಿಸಿ, ಮೈ ಮುರಿದು…"

"ಇನ್ನೂ ಮುಂಚೆ."

"ಕೀಲಿ," ಎಂದ ಅವನು, ತನ್ನ ಪ್ರೇಮಕಥೆಯಲ್ಲಿ ಹೆಂಡತಿಗೆ ಕೀಲಿಯೊಂದೇ ಬೇಕಾದದ್ದಕ್ಕೆ ಸ್ವಲ್ಪ ಬೇಸರದಿಂದ. "ಉಳಿತಾಯದ ಕೀಲಿ."

ಅವಳು ಎಂಜಲು ಕೈ ತೊಳೆದು ಚೀಲದಿಂದ ನೋಟ್‌ಬುಕ್ ಎಳೆದಳು. ಭಾನುವಾರದ ನಲವತ್ಮೂರು ಸಾಲುಗಳ ಮೇಲೂ ಬೆರಳಾಡಿಸಿದಳು. ಉಳಿತಾಯದ ಮಾತು ಎಲ್ಲೂ ಇರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಪರದೆ ಚೆನ್ನಾಗಿ ಕಾಣುತ್ತಿತ್ತು: ಮೂಲೆಯಲ್ಲೊಂದು ಹಸಿರು ಎಲೆಯ ಚಿತ್ರ, ಅದರ ಪಕ್ಕದಲ್ಲಿ ವಿದ್ಯುತ್ ಬಳಕೆ ಹೇಗಿರಬೇಕೆಂಬ ಪ್ರಶ್ನೆ, ಮೂರು ಉತ್ತರ. ಪೂರ್ತಿ ಶಕ್ತಿ, ಮಧ್ಯಮ, ಗರಿಷ್ಠ ಉಳಿತಾಯ. ಅವಳ ಬೆರಳು ಓದುವ ಮೊದಲೇ ಮೂರನೆಯದಕ್ಕೆ ಹೋಗಿತ್ತು, ಖಾಲಿ ಕೋಣೆಯ ಸ್ವಿಚ್ಚಿಗೆ ಹೋಗುವ ಹಾಗೆಯೇ. ಬರೆಯುವುದು ತೋಚಿರಲೇ ಇಲ್ಲ. ಮಾಡಿದ ಕೆಲಸವನ್ನು ಬರೆಯಬೇಕು ಎಂದಿದ್ದ ಮೇಷ್ಟ್ರು. ದೀಪ ಆರಿಸುವುದನ್ನು ಅವಳು ಯಾವತ್ತು ಕೆಲಸವೆಂದುಕೊಂಡಿದ್ದಳು? ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

"ಅಯ್ಯೋ ನನ್ನ ಕೈಯೇ," ಎಂದು ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದಳು. ಗಂಡ ಗಟ್ಟಿಯಾಗಿ ನಕ್ಕು, "ಇನ್ನೆರಡು ಕೊಡು, ನನ್ನ ದೀಪದ ಲೆಕ್ಕದಲ್ಲಿ," ಎಂದ.

ಗುರುವಾರ ಬೆಳಗ್ಗೆ ಬಾಗಿಲು ತೆರೆದವಳೇ ಆ ಪುಟ ಹುಡುಕಿದಳು. ಹಸಿರು ಎಲೆ ಅಲ್ಲೇ ಇತ್ತು, ಗರಿಷ್ಠ ಉಳಿತಾಯದ ಮುಂದೆ ಗುರುತು ಹಾಕಿಕೊಂಡು, ಬಹಳ ಒಳ್ಳೆಯ ಕೆಲಸ ಮಾಡುತ್ತಿರುವ ಮುಖ ಹೊತ್ತು. ಜನ ಮುಗಿಬಿದ್ದಾಗ ಸರ್ವರ್ ಎಚ್ಚರವಾಗಿರುತ್ತಿತ್ತು. ಸ್ವಲ್ಪ ಬಿಡುವು ಸಿಕ್ಕರೆ ಸಾಕು, ಉಳಿತಾಯ ಮಾಡುತ್ತೇನೆಂದು ತೂಕಡಿಸುತ್ತಿತ್ತು. ಆಮೇಲೆ ಬಂದ ಪ್ರತಿ ಕೋರಿಕೆಯೂ ಅದನ್ನು ತಟ್ಟಿ ಎಬ್ಬಿಸಬೇಕಿತ್ತು.

ಸ್ವಿಚ್ಚಕ್ಕ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಳು. ಆಮೇಲೆ ಪೂರ್ತಿ ಶಕ್ತಿಗೆ ಬದಲಾಯಿಸಿದಳು. ಟೀ ಕುಡಿದಳು. ಸರಿಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಮಧ್ಯಾಹ್ನವೇ ಆಗಬೇಕು, ಬೆಳಗಿನ ನೂಕುನುಗ್ಗಲಿನಲ್ಲಿ ಅದು ಮೊದಲೂ ಸುಮಾರಾಗಿಯೇ ಓಡುತ್ತಿತ್ತು. ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಡಬ್ಬಿ ಬಿಚ್ಚುವ ಹೊತ್ತಿಗೆ ಚೀಟಿಯ ಹತ್ತಿರ ಎಲ್ಲ ಹೇಳಿಕೊಂಡಳು.

ಚೀಟಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅಕ್ಕ, ನೀವು ಒತ್ತಿದ್ದು ಅಂತ ಯಾಕೆ ಹೇಳ್ತೀರಿ? ಹೊಸ ಸಾಫ್ಟ್‌ವೇರಿನ ದೋಷ ಅನ್ನಿ. ಅದೇನು ಬಂದು ಅಲ್ಲ ಅನ್ನುತ್ತಾ?"

"ನೋಟ್‌ಬುಕ್ಕಲ್ಲಿ ಬರೆದಾಯ್ತಲ್ಲೇ."

"ಹರಿದು ಹಾಕಿ. ಒಂದು ಹಾಳೆ."

ಸ್ವಿಚ್ಚಕ್ಕ ಆ ಹಾಳೆಯನ್ನು ನೋಡಿದಳು. ಹರಿಯಲು ಏನೂ ಕಷ್ಟವಿರಲಿಲ್ಲ. ಕೋಣೆಯೂ ಉಳಿಯುತ್ತಿತ್ತು. "ಮೇಷ್ಟ್ರು ನಂಬರ್ ಹಾಕಿ ಕೊಟ್ಟಿರೋ ಹಾಳೆಗಳು ಇವು," ಎಂದಳು. "ಒಂದು ಹೋದ್ರೆ ನನಗೆ ಗೊತ್ತಾಗುತ್ತಲ್ಲ."

ಎರಡೂವರೆಗೆ ಆಡಳಿತಾಧಿಕಾರಿ ಕಂಪನಿಯವನನ್ನು ಕರೆದುಕೊಂಡೇ ಬಂದ. ಹೇಗೂ ನಾಳೆ ಬರುವವನು, ಇವತ್ತೇ ಕೋಣೆ ನೋಡಿ ಹೋಗಲಿ ಎಂದು. ಬೆಂಚುಗಳು ಖಾಲಿಯಿದ್ದವು. ನಿನ್ನೆಯ ಮುದುಕನೇ ಟೋಪಿ ತೊಡೆಯ ಮೇಲಿಟ್ಟು ಮತ್ತೆ ಬಂದಿದ್ದ.

"ಕೋಣೆ ಆಮೇಲೆ ನೋಡೋಣ ಸಾರ್. ಒಂದು ನಿಮಿಷ ಇಲ್ಲಿ ನಿಲ್ಲಿ," ಎಂದಳು ಸ್ವಿಚ್ಚಕ್ಕ. "ಚೀಟಿ, ಒತ್ತು."

ಚೀಟಿ ಒತ್ತಿದಳು. ಸ್ವಿಚ್ಚಕ್ಕ ಒಂದು ಎಂದಳು, ಎರಡು ಎಂದಳು. ಮೂರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಕರ್ರೆಂದು ಚೀಟಿ ಉಗುಳಿತು. ಮುದುಕ ಅದನ್ನು ತೆಗೆದುಕೊಂಡು, "ಇವತ್ತೇನು ಇಷ್ಟು ಅವಸರ? ನಾನಿನ್ನೂ ಕಾಲು ಚಾಚಿ ಕೂತಿರಲೇ ಇಲ್ಲ," ಎಂದ.

ಇನ್ನೂ ಎರಡು ಸಲ ಒತ್ತಿ ನೋಡಿದರು. ಎರಡು, ಎರಡು. ಔಷಧಿ ಅಂಗಡಿಯವನು ಅಲ್ಲಿಂದಲೇ ಕೈಯೆತ್ತಿ ಬಿಲ್ಲು ತೋರಿಸಿದ.

"ಏನಾಗಿತ್ತು?" ಎಂದ ಆಡಳಿತಾಧಿಕಾರಿ.

ಗಾಜಿನ ಹಿಂದಿನಿಂದ ಚೀಟಿ ಹುಬ್ಬು ಹಾರಿಸಿ, ಸಾಫ್ಟ್‌ವೇರ್, ಸಾಫ್ಟ್‌ವೇರ್ ಎಂದು ತುಟಿಯಲ್ಲೇ ಹೇಳುತ್ತಿದ್ದಳು. ಸ್ವಿಚ್ಚಕ್ಕ ನೋಟ್‌ಬುಕ್ ಬಿಡಿಸಿ ಕೊಟ್ಟಳು. ಅವನು ಗಟ್ಟಿಯಾಗಿಯೇ ಓದಿದ:

"ಭಾನುವಾರ ಕೆಲಸ ಮಾಡುವಾಗ ಗರಿಷ್ಠ ಉಳಿತಾಯ ಎಂಬಲ್ಲಿ ಒತ್ತಿದ್ದು ನಾನೇ. ಯೋಚಿಸದೆ, ಕೈಯ ಅಭ್ಯಾಸಕ್ಕೆ ಒತ್ತಿದೆ. ಅಂದು ಬರೆಯಲಿಲ್ಲ. ಗುರುವಾರ ಬರೆಯುತ್ತಿದ್ದೇನೆ."

ಕಂಪನಿಯವನ ಮುಖ ಅರಳಿತು. "ನೋಡಿದ್ರಾ ಸಾರ್? ಅದಕ್ಕೇ ನಾವು ಹೇಳೋದು."

"ನೀವಾಗಿದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದ ಆಡಳಿತಾಧಿಕಾರಿ.

"ನಿಧಾನ ಅಂತ ದೂರು ಬಂದ್ರೆ ನಾವು ಮೊದಲು ಇನ್ನೆರಡು ಸರ್ವರ್ ಸೇರಿಸಿ ಅಂತ ಬರೆದುಕೊಡ್ತೀವಿ."

"ಅವೂ ಮಲಗ್ತಿದ್ವಾ?"

ಕಂಪನಿಯವನು ಪಾಪ, ಸುಳ್ಳು ಹೇಳುವವನಲ್ಲ. ಕಾಲರ್ ಸರಿಮಾಡಿಕೊಂಡು, "ಇದೇ ಸೆಟ್ಟಿಂಗ್ ಇದ್ರೆ… ಮೂರೂ ಮಲಗ್ತಿದ್ವು ಸಾರ್," ಎಂದ.

ಗಾಜಿನ ಹಿಂದೆ ಚೀಟಿ ನಗು ತಡೆಯಲಾರದೆ ಪ್ರಿಂಟರಿನ ಕಡೆ ಬಗ್ಗಿದಳು. ಆಡಳಿತಾಧಿಕಾರಿ ಏನನ್ನೋ ಹೇಳಲು ಹೋಗಿ ತಲೆಯೆತ್ತಿದವನು ಅಲ್ಲೇ ತಡೆದು ನಿಂತ. ಎದುರಿನ ಬಾಗಿಲ ಮೇಲೆ ಅವನದೇ ಚೀಟಿ: ಬಳಸದಿದ್ದರೆ ಆರಿಸಿ. ಕೆಳಗೆ ಅವನದೇ ಸಹಿ. ನೋಟ್‌ಬುಕ್ಕನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ.

"ಕೆಳಗೆ ಸರ್ವರ್ ಕೋಣೆ ಬಾಗಿಲಿಗೂ ಇದನ್ನ ಅಂಟಿಸಿದೀವಾ?"

"ಎರಡು ಅಂಟಿಸಿದೀರಿ ಸಾರ್. ಒಳಗೊಂದು, ಹೊರಗೊಂದು."

"ಅವೆರಡನ್ನ ಕಿತ್ತು ಹಾಕಿ," ಎಂದು ನೋಟ್‌ಬುಕ್ಕನ್ನು ಮುಚ್ಚಿ ಅವಳ ಕೈಗೆ ಕೊಟ್ಟ. ಆಮೇಲೆ ಕಂಪನಿಯವನ ಕಡೆ ತಿರುಗಿ, "ನಾಳೆ ನಿಮಗೆ ತೊಂದರೆ ಬೇಡ. ಕೋಣೆ ಇವರ ಹತ್ರವೇ ಇರಲಿ. ನಾನು ಕೇಳೋ ಮೊದಲೇ ತಪ್ಪು ಬರೆದುಕೊಟ್ಟಿದ್ದಾರೆ. ಈ ಕಟ್ಟಡದಲ್ಲಿ ಅಂಥ ಕಾಗದ ನಾನು ನೋಡಿದ್ದು ಇದೇ ಮೊದಲು," ಎಂದ. ಎರಡು ಹೆಜ್ಜೆ ಹೋದವನು ನಿಂತು ಸ್ವಿಚ್ಚಕ್ಕನಿಗೆ ಹೇಳಿದ: "ಹೇಗೂ ಕಡತಗಳ ಕೋಣೆಯಲ್ಲಿರೋದು ಒಂದೇ ಬಲ್ಬು. ನಿಮ್ಮನ್ನ ಅಲ್ಲಿಗೆ ಹಾಕಿದ್ರೆ ಅದೂ ಆರಿ ಹೋಗುತ್ತೆ."

ಅಂದಿನಿಂದ ಸ್ವಿಚ್ಚಕ್ಕ ತನ್ನ ಬಲಗೈಯನ್ನು ಸ್ವಲ್ಪ ಕಣ್ಣಲ್ಲಿಟ್ಟಿದ್ದಾಳೆ. ದೀಪ ಆರಿಸುವುದನ್ನೇನೂ ಬಿಟ್ಟಿಲ್ಲ, ಅದು ಬಿಡುವಂಥದೂ ಅಲ್ಲ. ಆದರೆ ಆರಿಸಿದ್ದನ್ನೆಲ್ಲ ಈಗ ಬರೆಯುತ್ತಾಳೆ. ನೋಟ್‌ಬುಕ್ ತೆರೆದರೆ ಸರ್ವರಿನ ದೊಡ್ಡ ದೊಡ್ಡ ಸಂಗತಿಗಳ ನಡುವೆ, ಎರಡನೆಯ ಮಹಡಿ ಕಾರಿಡಾರು, ಎರಡು ದೀಪ. ಆಯಾಗಳ ಕೋಣೆ, ಫ್ಯಾನು. ದೊಡ್ಡ ಡಾಕ್ಟರ ಕೋಣೆ, ಮೇಜಿನ ಕೆಳಗೆ ನೋಡಿ ಆಮೇಲೆ, ಎಂಬಂಥ ಸಾಲುಗಳು ಸಿಗುತ್ತವೆ.

ಆ ಗುರುವಾರ ಸಂಜೆ ಅವಳು ಮನೆಗೆ ಬಂದಾಗ ಗಂಡ ಕಪ್ಪು ಬಟ್ಟೆಯ ಮೇಲೇ ಇನ್ನೂ ಬಗ್ಗಿದ್ದ. ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಅವಳ ಕೈ ಸ್ವಿಚ್ಚಿನ ತನಕ ಹೋಯಿತು, ಅಲ್ಲೇ ನಿಂತಿತು.

"ಆರಿಸು, ಆರಿಸು," ಎಂದ ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು. "ಆದ್ರೆ ಬರೆದುಕೋ. ಎಷ್ಟು ಹೊತ್ತಿಗೆ, ಯಾರ ತಲೆ ಮೇಲಿಂದು, ಎಲ್ಲ."

ಅವಳು ಸ್ಟೂಲು ಎಳೆದು ಅವನ ಪಕ್ಕ ಕುಳಿತಳು. ದೀಪ ಉರಿಯುತ್ತಲೇ ಇತ್ತು.

"ಇರಲಿ ಬಿಡ್ರೀ," ಎಂದಳು. "ಇಲ್ಲಿ ಇಬ್ಬರಿದ್ದೀವಲ್ಲ."